ಚಿಕ್ಕಮಗಳೂರಿಗೆ 32 ಬೈಟ್ ಸಾಲದು

ಹಾಸನ–ಬೇಲೂರು–ಚಿಕ್ಕಮಗಳೂರು ದಾರಿಯ ಊರುಗಳ ಹೆಸರು ತೋರಿಸುವ ಬೋರ್ಡಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವಾಗ ಹೆಸರುಗಳಿಗೆ ಒಂದು ಟೇಬಲ್ ಇಟ್ಟಿದ್ದೆ: ಚಾರ್ ಊರು[4][32]. ಅದರಲ್ಲಿ ಸಾಲಾಗಿ ಹಾಸನ, ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ. ಮೂರನೆಯ ಹೆಸರನ್ನು ಪ್ರಿಂಟ್ ಮಾಡಿದಾಗ ಬಂದದ್ದು ‘ಚಿಕ್ಕಮಗಳೂರ�ಮೂಡಿಗೆರೆ’.

ತಪ್ಪು ಲೆಕ್ಕದಲ್ಲಿತ್ತು. ಕಣ್ಣಿಗೆ ‘ಚಿಕ್ಕಮಗಳೂರು’ ಆರು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ, ವಿರಾಮ (್) ಎಲ್ಲ ಬಿಡಿಸಿದರೆ 11 ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಲ್ಲಿಗೆ 33, ಹೆಸರು ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆ ಬೈಟ್ ಸೇರಿ 34. ಕಂಪೈಲರ್‌ಗೆ ಅಕ್ಷರದ ಗೊಡವೆ ಇಲ್ಲ, ಬೈಟ್ ಎಣಿಸಿ 32ಕ್ಕೆ ಕತ್ತರಿಸುತ್ತದೆ. ಕೊನೆಯ ಕೊಂಬಿನ ಮೂರು ಬೈಟ್‌ಗಳಲ್ಲಿ ಎರಡು ಮಾತ್ರ ಉಳಿದವು. ಆ ಚೌಕದ ಗುರುತು ಅದೇ. ಸೊನ್ನೆಗೆ ಜಾಗವೇ ಸಿಗದ್ದರಿಂದ ಪ್ರಿಂಟ್ ಮಾಡುವ ಪ್ರಿಂಟ್‌ಎಫ್ ಫಂಕ್ಷನ್ ನಿಲ್ಲದೆ ಮುಂದಿನ ಸಾಲಿಗೆ ನುಗ್ಗಿತು.

ಹೀಗೆ ಉದ್ದ ಮೀರಿದರೆ ಜಿಸಿಸಿ ಕಂಪೈಲರ್ ಯಾವ ಫ್ಲ್ಯಾಗ್ (ಹೆಚ್ಚುವರಿ ಆಯ್ಕೆ) ಕೊಡದಿದ್ದರೂ ಎಚ್ಚರಿಸುತ್ತದೆ, ಯಾವ ಸಾಲು ಎಂದೂ ಹೇಳುತ್ತದೆ (ಸೊನ್ನೆಯಿಂದ ಎಣಿಕೆ, ಹಾಗಾಗಿ ಇಲ್ಲಿ 2). ಆದರೆ ಬಿಲ್ಡ್ ನಿಲ್ಲುವುದಿಲ್ಲ, ಕತ್ತರಿಸಿದ ಬೈಟ್‌ಗಳೇ ಫೈಲಿಗೆ ಹೋಗುತ್ತವೆ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಕೂಡ ಎಚ್ಚರಿಸಿ ಬಿಟ್ಟುಬಿಡುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್ ಸಿ2117 ಎರರ್ ಕೊಟ್ಟು ನಿಲ್ಲಿಸುತ್ತದೆ. ಜಿಸಿಸಿಯಲ್ಲೂ ಪೆಡಾಂಟಿಕ್-ಎರರ್ಸ್ ಫ್ಲ್ಯಾಗ್ ಹಾಕಿದರೆ ಎರರ್ ಆಗುತ್ತದೆ. ಎಚ್ಚರಿಕೆಗಳ ರಾಶಿಯಲ್ಲಿ ಈ ಸಾಲು ಕಣ್ತಪ್ಪುವುದು ಬಹಳ ಸುಲಭ, ಆದ್ದರಿಂದ ನಾನು ಆ ಫ್ಲ್ಯಾಗ್ ಹಾಕಿಯೇ ಕಂಪೈಲ್ ಮಾಡುತ್ತೇನೆ.

ನಿಜವಾಗಿ ಹೆದರಬೇಕಾದ್ದು ಅಳತೆ ಸರಿಯಾಗಿ ಕೂತಾಗ. ‘ಅರಸೀಕೆರೆ’ 8 ಸಂಕೇತ, 24 ಬೈಟ್. ಸಕಲೇಶಪುರ, ಮೂಡಿಗೆರೆಯೂ ಅಷ್ಟೇ. ಸಾಲಿನ ಅಳತೆ 24 ಇದ್ದರೆ ಹೆಸರು ಪೂರ್ತಿ ಹಿಡಿಯುತ್ತದೆ, ಸೊನ್ನೆ ಮಾತ್ರ ಹೊರಗೆ. ಸಿ ಭಾಷೆಯ ಮಾನಕ ಸಿ11ರ 6.7.9ನೇ ವಿಭಾಗದ ಪ್ರಕಾರ ಇದು ತಪ್ಪೇ ಅಲ್ಲ: ಸೊನ್ನೆ ‘ಜಾಗವಿದ್ದರೆ’ ಸೇರಿದರೆ ಸಾಕು. ಹಾಗಾಗಿ ಹಳೆಯ ಜಿಸಿಸಿ ಎಚ್ಚರಿಕೆಯ ಫ್ಲ್ಯಾಗ್‌ಗಳಾದ ವಾಲ್ (-Wall), ಎಕ್ಸ್‌ಟ್ರಾ (-Wextra) ಎರಡನ್ನೂ ಹಾಕಿದರೂ ತುಟಿ ಬಿಚ್ಚುವುದಿಲ್ಲ. 2025ರಲ್ಲಿ ಬಂದ ಜಿಸಿಸಿ 15ರಲ್ಲಿ ಎಕ್ಸ್‌ಟ್ರಾ ಹಾಕಿದರೆ ಇದಕ್ಕೂ ಎಚ್ಚರಿಕೆ ಬರುತ್ತದೆ. ಸೊನ್ನೆ ಬೇಡವೆಂದೇ ಇಟ್ಟ ಅರೇಗೆ ಈ ಎಚ್ಚರಿಕೆ ಬಾರದಂತೆ ನಾನ್‌ಸ್ಟ್ರಿಂಗ್ ಆಟ್ರಿಬ್ಯೂಟ್ ಎಂಬ ಗುರುತು ಹಚ್ಚಬೇಕು. ಸಿ++ನಲ್ಲಂತೂ ಇದು ನೇರ ಎರರ್.

ಇಲ್ಲಿ ಕನ್ನಡದ್ದೇ ಒಂದು ಅನುಕೂಲವಿದೆ. ಬರೀ ಕನ್ನಡ ಹೆಸರಿನ ಉದ್ದ ಯಾವಾಗಲೂ ಮೂರರ ಗುಣಕ. ಸಾಲಿನ ಅಳತೆ ಮೂರರಿಂದ ಭಾಗವಾಗದಿದ್ದರೆ (32, 40, 64) ಈ ಮೌನದ ಪ್ರಸಂಗ ಬರುವುದೇ ಇಲ್ಲ. ಒಂದೋ ಸೊನ್ನೆಯೊಂದಿಗೆ ಹಿಡಿಯುತ್ತದೆ, ಇಲ್ಲವೇ ಎಚ್ಚರಿಕೆ ಬರುತ್ತದೆ. 24, 36, 48 ಬೇಡ. ಹೆಸರಿನಲ್ಲಿ ಸ್ಪೇಸ್ ಅಥವಾ ಇಂಗ್ಲಿಷ್ ಅಂಕಿ ಸೇರಿದರೆ ಈ ಲೆಕ್ಕ ನಡೆಯದು.

ನಾನು 40 ಇಟ್ಟೆ. ಚನ್ನರಾಯಪಟ್ಟಣಕ್ಕೆ ಸೊನ್ನೆ ಸೇರಿ 37 ಬೇಕು. ಹೊಳೆನರಸೀಪುರಕ್ಕೆ 34 ಸಾಕು, ಆದರೆ ‘ೊ’ ಮತ್ತು ‘ೀ’ ಬಿಡಿಬಿಡಿ ಸಂಕೇತಗಳಾಗಿ ಟೈಪ್ ಆಗಿದ್ದರೆ 40. ನೋಡಲು ಎರಡೂ ಒಂದೇ.

ಹೆಸರುಗಳನ್ನು ಬೇರೆ ಫೈಲಿನಲ್ಲಿ ಮ್ಯಾಕ್ರೋ ಪಟ್ಟಿಯಾಗಿಟ್ಟು ಎರಡು ಸಲ ಇನ್‌ಕ್ಲೂಡ್ ಮಾಡುತ್ತೇನೆ. ಮೊದಲ ಸಲ ಪ್ರತಿ ಹೆಸರಿಗೂ ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಆಗುವಾಗಲೇ ನಡೆಯುವ ಪರೀಕ್ಷೆ): ಸೈಜ್‌ಆಫ್, ಅಂದರೆ ಬೈಟ್ ಅಳತೆ, 40 ಮೀರಬಾರದು. ಸೈಜ್‌ಆಫ್ ಸೊನ್ನೆಯನ್ನೂ ಸೇರಿಸಿಯೇ ಎಣಿಸುತ್ತದೆ. ಎರಡನೇ ಸಲ ಟೇಬಲ್. ಕೈಯಲ್ಲಿ ಎಣಿಸುವುದಾದರೆ ವರ್ಡ್‌ಕೌಂಟ್ (wc -c) ಕಮ್ಯಾಂಡಿಗೆ ಎಕೋ ಬದಲು ಪ್ರಿಂಟ್‌ಎಫ್‌ನಿಂದ ಹೆಸರು ಕೊಡಿ. ಎಕೋ ಸಾಲಿನ ಕೊನೆಗೆ ಒಂದು ಬೈಟ್ ಸೇರಿಸಿ 33ನ್ನು 34 ಎಂದು ತೋರಿಸುತ್ತದೆ, ಸೊನ್ನೆಯ ಲೆಕ್ಕವೂ ಅದರಲ್ಲೇ ಬಂತೆಂದು ಮೋಸಹೋಗುತ್ತೀರಿ.