ಗುಳಿಗೆ ಜಾಸ್ತಿ ನುಂಗಿದವರನ್ನು ‘ಮಲಗಲಿ ಬಿಡಿ’ ಅನ್ನಬೇಡಿ

ಖಿನ್ನತೆಯ ಗುಳಿಗೆಯನ್ನು ಮನೆಯಲ್ಲಿ ಯಾರಾದರೂ ಜಾಸ್ತಿ ನುಂಗಿದ್ದಾರೆ ಅಂತ ಗೊತ್ತಾದರೆ ಮೊದಲು 108ಕ್ಕೆ ಫೋನ್ ಮಾಡಿ. ಯಾಕೆ ನುಂಗಿದರು ಅನ್ನೋ ಪಂಚಾಯ್ತಿ ಆಮೇಲೆ. ಆರಾಮಾಗಿ ಮಾತಾಡ್ತಿದ್ದಾರಲ್ಲ, ಮಲಗಿ ಎದ್ದರೆ ಸರಿಹೋಗುತ್ತೆ ಅಂದುಕೊಳ್ಳುವುದೇ ದೊಡ್ಡ ತಪ್ಪು. ಈಗ ಮಾತಾಡುವವರಿಗೆ ಒಂದೆರಡು ತಾಸಿನಲ್ಲೇ ಫಿಟ್ಸ್ ಬರಬಹುದು, ಬಿಪಿ ಇಳಿಯಬಹುದು, ಎದೆಬಡಿತ ಲಯ ತಪ್ಪಬಹುದು.

ವಾಂತಿ ಮಾಡಿಸಬೇಡಿ. ಉಪ್ಪು ನೀರು, ಸೋಪಿನ ನೀರು ಯಾವುದೂ ಬೇಡ. ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದು ಇನ್ನೊಂದು ಕುತ್ತು. ಮಗ್ಗುಲಾಗಿ ಮಲಗಿಸಿ, ಒಬ್ಬರು ಪಕ್ಕದಲ್ಲೇ ಕೂತಿರಿ. ಇನ್ನೊಬ್ಬರು ದಿಂಬಿನ ಕೆಳಗೆ, ಕಸದ ಬುಟ್ಟಿಯಲ್ಲಿ ಖಾಲಿ ಸ್ಟ್ರಿಪ್ ಹುಡುಕಿ ಜೊತೆಗೆ ಒಯ್ಯಿರಿ. ಅದರ ಮೇಲೆ ಅಮಿಟ್ರಿಪ್ಟಿಲಿನ್ ಅಂತಿದ್ದರೆ ಆಸ್ಪತ್ರೆಯ ಬಾಗಿಲಲ್ಲೇ ಹೇಳಿಬಿಡಿ, ಇದು ಹೃದಯಕ್ಕೆ ಪೆಟ್ಟು ಕೊಡುವ ಖಿನ್ನತೆಯ ಗುಳಿಗೆ. ಅರೆತಲೆನೋವಿಗೆ, ನರದ ನೋವಿಗೂ ಇದನ್ನೇ ಬರೆದುಕೊಡುತ್ತಾರೆ, ಹಾಗಾಗಿ ‘ಅದು ಅವ್ವನ ತಲೆನೋವಿನ ಗುಳಿಗೆ ಅಷ್ಟೇ’ ಅಂತ ಎಷ್ಟೋ ಜನ ಹೇಳದೇ ಬಿಡುತ್ತಾರೆ.

ಅಮಿಟ್ರಿಪ್ಟಿಲಿನ್ ಗುಂಪಿನ ಗುಳಿಗೆ ಹೃದಯಕ್ಕೆ ಮಾಡುವುದೇನು? ಹೃದಯದ ಕೋಶಗಳಿಗೆ ಸೋಡಿಯಂ ನುಗ್ಗುವ ದಾರಿಯನ್ನು ಅಡ್ಡಗಟ್ಟುತ್ತದೆ, ಕರೆಂಟ್ ನಿಧಾನವಾಗುತ್ತದೆ. ಇಸಿಜಿ ಕಾಗದದಲ್ಲಿ ಇದು ಕಣ್ಣಿಗೇ ಕಾಣುತ್ತೆ: ಸೂಜಿ ಮೊನೆಯಂತಿರಬೇಕಾದ ಗೆರೆ ಎರಡೂವರೆ ಸಣ್ಣ ಚೌಕ, ಅಂದರೆ 100 ಮಿಲಿಸೆಕೆಂಡ್ ದಾಟಿ ಅಗಲವಾಗಿರುತ್ತದೆ. ಆಗ ಡಾಕ್ಟರು ಸೋಡಿಯಂ ಬೈಕಾರ್ಬೊನೇಟ್ ಇಂಜೆಕ್ಷನ್ ಕೊಡುತ್ತಾರೆ. ಹೌದು, ಅಡುಗೆ ಸೋಡಾದ ಅದೇ ವಸ್ತು, ಆದರೆ ನೇರ ರಕ್ತನಾಳಕ್ಕೆ. (ಇದನ್ನು ಓದಿ ಮನೆಯಲ್ಲಿ ಸೋಡಾ ಕಲಸಿ ಕುಡಿಸಬೇಡಿ ಮತ್ತೆ!) ಕೊಟ್ಟ ಮೇಲೆ ಆ ಗೆರೆ ಮತ್ತೆ ಸಣ್ಣಗಾಗುತ್ತಾ ಬಂದರೆ ಮದ್ದು ಹಿಡಿದಿದೆ ಅಂತ ಅರ್ಥ. ನುಂಗಿದ್ದು ಎಸಿಟಾಲೊಪ್ರಾಮ್ ಅನ್ನುವ ಇನ್ನೊಂದು ಬಗೆಯ ಖಿನ್ನತೆಯ ಗುಳಿಗೆ ಆದರೆ ತೊಂದರೆ ಬೇರೆ, ಅಲ್ಲಿ ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ (ಹೃದಯ ಒಮ್ಮೆ ಬಡಿದು ಮತ್ತೆ ಅಣಿಯಾಗಲು ಹಿಡಿಯುವ ಹೊತ್ತು) ಉದ್ದವಾಗುತ್ತದೆ, ಬಡಿತ ಹದಗೆಟ್ಟರೆ ಮೆಗ್ನೀಷಿಯಂ ಕೊಡುತ್ತಾರೆ.

ಮೊದಲ ಇಸಿಜಿ ಸರಿ ಬಂತು ಅಂತ ಡಿಸ್ಚಾರ್ಜ್ ಕೇಳಬೇಡಿ. ಕಡಿಮೆ ಅಂದರೂ 6 ತಾಸು ಮಾನಿಟರ್ ಮೇಲೆ ಇರಬೇಕು, ಕೆಲವು ಗುಳಿಗೆಗೆ ಇನ್ನೂ ಜಾಸ್ತಿ. ಹಳ್ಳಿಯಿಂದ ಬರುವವರು ಐಸಿಯು ಇರುವ ಕಡೆಗೇ ಹೋಗಿ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್ ಎರಡೂ ಸರ್ಕಾರಿ ಆಸ್ಪತ್ರೆ.

‘ಪೊಲೀಸ್ ಕೇಸ್ ಆದರೆ ಮರ್ಯಾದೆ ಹೋಗುತ್ತೆ’ ಅಂತ ತಡಮಾಡುವವರೂ ಇದ್ದಾರೆ, ನನಗೆ ಅದೇ ಸಿಟ್ಟು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಜೀವ ಕಳೆದುಕೊಳ್ಳಲು ನೋಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರೆ ತಿಳಿಸಲಿ.

ಮನೆಗೆ ಬಂದ ಮೇಲೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದು ವಾರಕ್ಕಾಗುವಷ್ಟೇ ಬರೆದುಕೊಡಿ ಅಂತ ಡಾಕ್ಟರಿಗೆ ಹೇಳಿ, ತಂದದ್ದನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿ, ಹೊತ್ತಿಗೆ ಸರಿಯಾಗಿ ನೀವೇ ಕೈಗೆ ಕೊಡಿ.