ಟರ್ಮಕ್ಸ್‌ನಲ್ಲಿ ಡೆಬಿಯನ್: 'ಸಿಗ್ನಲ್ 9' ಸಮಸ್ಯೆ ಸರಿಯಾದ ಬಗೆ

ಆಂಡ್ರಾಯ್ಡ್ 14 ಇರುವ ಫೋನ್‌ನಲ್ಲಿ ಟರ್ಮಕ್ಸ್ (ಫೋನ್‌ನಲ್ಲಿ ಲಿನಕ್ಸ್ ಕಮಾಂಡ್‌ಗಳನ್ನು ಓಡಿಸುವ ಆಪ್) ಹಾಕಿ, ಅದರಲ್ಲಿ ಲಿನಕ್ಸ್ ಹಾಕಲು ನೆರವಾಗುವ ಪ್ರೂಟ್-ಡಿಸ್ಟ್ರೋ ಮೂಲಕ ಡೆಬಿಯನ್ ಎಂಬ ಲಿನಕ್ಸ್ ಇನ್‌ಸ್ಟಾಲ್ ಮಾಡಿದ್ದೆ. ಬರೀ ಟರ್ಮಿನಲ್ ಬಳಸುವಾಗ ತೊಂದರೆ ಇರಲಿಲ್ಲ. ಡೆಸ್ಕ್‌ಟಾಪ್ ಶುರು ಮಾಡಿ ಬ್ರೌಸರ್ ತೆರೆದರೆ ಸಾಕು, ಒಂದೆರಡು ನಿಮಿಷದಲ್ಲಿ ಎಲ್ಲವೂ ಮುಚ್ಚಿಹೋಗುತ್ತಿತ್ತು. ಉಳಿಯುತ್ತಿದ್ದದ್ದು 'ಸಿಗ್ನಲ್ 9' (ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸಲಾಗಿದೆ ಎಂಬ ಸೂಚನೆ) ಎಂಬ ಒಂದು ಸಾಲು ಮಾತ್ರ.

ಡೆಬಿಯನ್ ಅಳಿಸಿ ಎರಡು ಸಲ ಮತ್ತೆ ಹಾಕಿದೆ. ಬ್ಯಾಟರಿ ಆಪ್ಟಿಮೈಸೇಶನ್ ತೆಗೆದೆ. ಫೋನ್ ನಿದ್ರೆಗೆ ಹೋಗದಂತೆ ತಡೆಯುವ ವೇಕ್ ಲಾಕ್ ಆನ್ ಮಾಡಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ರ‍್ಯಾಮ್ ಬೇಕಾದಷ್ಟು ಖಾಲಿ ಇತ್ತು, ಹಾಗಾಗಿ ಅದೂ ಕಾರಣವಲ್ಲ.

ನಿಜವಾದ ಕಾರಣ ಬೇರೆ: ಆಂಡ್ರಾಯ್ಡ್ 12ರಿಂದ ಆಪ್‌ಗಳು ಶುರು ಮಾಡುವ ಚೈಲ್ಡ್ ಪ್ರೋಸೆಸ್‌ಗಳಿಗೆ (ಆಪ್ ತನ್ನೊಳಗಿಂದ ಓಡಿಸುವ ಬೇರೆ ಪ್ರೋಗ್ರಾಂಗಳಿಗೆ) ಮಿತಿ ಇದೆ. ಎಲ್ಲ ಆಪ್‌ಗಳದ್ದೂ ಸೇರಿ ಸಾಮಾನ್ಯವಾಗಿ 32. ಡೆಸ್ಕ್‌ಟಾಪ್ ಜೊತೆ ಬ್ರೌಸರ್ ಇದ್ದರೆ ಲೆಕ್ಕ ಜಾಸ್ತಿ ಆಗುತ್ತದೆ, ಸಿಸ್ಟಮ್ ಅವನ್ನು ಕೊಲ್ಲುತ್ತದೆ.

ಸರಿಮಾಡಲು, ಮೊದಲು ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಆಮೇಲೆ ಡೆವಲಪರ್ ಆಪ್ಶನ್ಸ್ ತೆರೆದು 'ಡಿಸೇಬಲ್ ಚೈಲ್ಡ್ ಪ್ರೋಸೆಸ್ ರಿಸ್ಟ್ರಿಕ್ಷನ್ಸ್' ಹುಡುಕಿ, ಅದನ್ನು ಆನ್ ಮಾಡಿ. ಹೆಸರಲ್ಲಿ ಡಿಸೇಬಲ್ ಇದೆ ಅಂತ ಆಫ್ ಬಿಡಬೇಡಿ, ಆನ್ ಮಾಡಿದರೇನೇ ಮಿತಿ ಹೋಗುವುದು. ಫೋನ್ ರೀಸ್ಟಾರ್ಟ್ ಮಾಡಿ, ಆಮೇಲೆ ಡೆಬಿಯನ್‌ಗೆ ಲಾಗಿನ್ ಆಗಿ. ಡೆವಲಪರ್ ಆಪ್ಶನ್ಸ್ ಹಾಗೇ ಆನ್ ಇರಲಿ.

ಆಂಡ್ರಾಯ್ಡ್ 12 ಮತ್ತು 13ರಲ್ಲಿ ಸಾಮಾನ್ಯವಾಗಿ ಈ ಸ್ವಿಚ್ ಇಲ್ಲ. ಅಲ್ಲಿ ಹೆಚ್ಚಾಗಿ ಎಡಿಬಿಯಿಂದ (ಫೋನ್‌ಗೆ ಕಮಾಂಡ್ ಕಳಿಸುವ ಸಾಧನ) ಬದಲಿಸಬೇಕು.