ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಜಮೈಕಾದಲ್ಲಿ ವೋಟು ಹಾಕಿದೆ

ಜಮೈಕಾದಲ್ಲಿ ವೋಟು ಹಾಕಲು ಅಲ್ಲಿನ ಪೌರತ್ವವೇ ಬೇಕು ಅಂತಿಲ್ಲ. ಕಾಮನ್‌ವೆಲ್ತ್ ದೇಶದವರಾಗಿ, 18 ತುಂಬಿ, ಮತದಾರರ ಪಟ್ಟಿಗೆ ಹೆಸರು ಕೊಡುವ ಮೊದಲು 12 ತಿಂಗಳು ಅಲ್ಲಿ ವಾಸವಿದ್ದರೆ ಸಾಕು. ಭಾರತವೂ ಕಾಮನ್‌ವೆಲ್ತ್‌ನಲ್ಲಿದೆಯಲ್ವಾ? ಕಿಂಗ್‌ಸ್ಟನ್‌ನಲ್ಲಿ ಅಕೌಂಟ್ಸ್ ಕೆಲಸ ಮಾಡುವ ನಾನು 2025ರ ಸಂಸತ್ ಚುನಾವಣೆಯಲ್ಲಿ ವೋಟು ಹಾಕಿದ್ದು ಹೀಗೆ.

ಚುನಾವಣೆ ಘೋಷಣೆ ಆಗಲಿ ಅಂತ ಕಾಯಬಾರದು. ಮತದಾರರ ಪಟ್ಟಿ ಬರುವುದು ವರ್ಷಕ್ಕೆ ಎರಡೇ ಸಲ, ಮೇ 31 ಮತ್ತು ನವೆಂಬರ್ 30ಕ್ಕೆ. ಮೇ ಪಟ್ಟಿಗೆ ಸೇರಲು ಮಾರ್ಚ್ 31ರೊಳಗೆ ಹೆಸರು ಕೊಟ್ಟಿರಬೇಕು. ದಿನಾಂಕ ಇಡುವುದು ಪ್ರಧಾನಿಯ ಕೈಯಲ್ಲಿ. ಆಂಡ್ರೂ ಹೋಲ್ನೆಸ್ ಆಗಸ್ಟ್ 10ಕ್ಕೆ ಘೋಷಿಸಿದರು, ಮತದಾನ ಸೆಪ್ಟೆಂಬರ್ 3ಕ್ಕೆ. ಆಗ ಎದ್ದು ಓಡಿದರೆ ಏನೂ ಗಿಟ್ಟುವುದಿಲ್ಲ.

ನೋಂದಣಿ ಕೇಂದ್ರದಲ್ಲಿ ಫೋಟೊ, ಬೆರಳಚ್ಚು ತೆಗೆದುಕೊಂಡರು. ಆಮೇಲೆ ಕೊಟ್ಟ ವಿಳಾಸದಲ್ಲೇ ಇದ್ದೇನಾ ಅಂತ ನೋಡಲು ಮನೆಗೂ ಬಂದರು. ಇಷ್ಟೆಲ್ಲ ಬಿಗಿ ಸುಮ್ನೆ ಬಂದದ್ದಲ್ಲ. 1980ರ ಚುನಾವಣೆಯ ವರ್ಷ ರಾಜಕೀಯ ಗಲಭೆಗಳಲ್ಲಿ ನೂರಾರು ಜನ ಸತ್ತಿದ್ದರು. ಕಳ್ಳ ವೋಟಿನ ಕಾಟವೂ ಇತ್ತು.

ಇನ್ನೊಂದು ವಿಚಿತ್ರ: ಕಾಮನ್‌ವೆಲ್ತ್ ದೇಶದವರು ಇಲ್ಲಿ ಸಂಸದರೂ ಆಗಬಹುದು. ಆದರೆ ಅಮೆರಿಕದ ಪೌರತ್ವ ಇದ್ದರೆ ಆಗದು. 2007ರಲ್ಲಿ ಗೆದ್ದ ಡ್ಯಾರಿಲ್ ವಾಜ್ ಅದೇ ಕಾರಣಕ್ಕೆ ಕೋರ್ಟಿನಲ್ಲಿ ಸೋತು, ಅಮೆರಿಕದ ಪೌರತ್ವ ಬಿಟ್ಟುಕೊಟ್ಟು 2009ರ ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬಂದರು.

ಮತದಾನ ಬುಧವಾರ, ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ. ನಾನು ಬಿಳಿ ಅಂಗಿ ಹಾಕಿಕೊಂಡೆ. ಹಸಿರು ಬಣ್ಣ ಆಡಳಿತ ಪಕ್ಷವಾದ ಲೇಬರ್ ಪಾರ್ಟಿಯದು, ಕಿತ್ತಳೆ ಪೀಪಲ್ಸ್ ನ್ಯಾಷನಲ್ ಪಾರ್ಟಿಯದು. ಪರದೇಶದವನಿಗೆ ಯಾಕೆ ಬೇಕು ಆ ಉಸಾಬರಿ? ಪಟ್ಟಿಯಲ್ಲಿ ಹೆಸರಿದ್ದರೆ ಮತದಾರರ ಕಾರ್ಡ್ ಕಡ್ಡಾಯವಲ್ಲ, ಆದರೂ ಒಯ್ದಿದ್ದೆ. ನಮ್ಮಲ್ಲಿಯಂತೆ ಬಟನ್ ಒತ್ತುವ ಯಂತ್ರ ಇಲ್ಲ. ಕಾಗದದ ಮೇಲೆ, ಒಂದು ಪಕ್ಷಕ್ಕೆ ಗಂಟೆ, ಇನ್ನೊಂದಕ್ಕೆ ತಲೆಯ ಚಿತ್ರ. ಬೇಕಾದವರ ಮುಂದೆ ಪೆನ್ಸಿಲ್‌ನಿಂದ ಗುಣಾಕಾರದ ಗುರುತು ಹಾಕಿ ಮಡಚಬೇಕು. ಮೈಸೂರಿನ ಶಾಯಿಯ ಗೆರೆ ನೋಡಿ ಬೆಳೆದವನು ನಾನು. ಇಲ್ಲಿ ಬೆರಳ ತುದಿಯನ್ನೇ ಶಾಯಿಯಲ್ಲಿ ಅದ್ದಿಸಿದರು.

ಎಣಿಕೆ ಅದೇ ಸಂಜೆ, ಕೈಯಲ್ಲೇ. ರಾತ್ರಿ ಹೊತ್ತಿಗೆ ಗೊತ್ತಾಯಿತು: 63 ಸೀಟುಗಳಲ್ಲಿ ಲೇಬರ್ 35, ಎದುರಾಳಿ 28. ಹೋಲ್ನೆಸ್ ಮತ್ತೆ ಪ್ರಧಾನಿ. ವೋಟು ಹಾಕಿದವರು ಮಾತ್ರ ನೂರಕ್ಕೆ 40 ಕೂಡ ಇಲ್ಲ. ನಮ್ಮ ಆಫೀಸಿನಲ್ಲೂ ಹುಟ್ಟಿದಾಗಿನಿಂದ ಇಲ್ಲೇ ಇರುವ ಕೆಲವರು ಆ ಕಡೆ ತಲೆ ಹಾಕಲಿಲ್ಲ. ಅವರೇ ಮರುದಿನ ನನ್ನ ಬೆರಳು ನೋಡಿ ಜಾಸ್ತಿ ನಕ್ಕಿದ್ದು.